ಮೀಟರಿನಿಂದ ಜ್ಯೋತಿರ್ವರ್ಷದವರೆಗೆ

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಹಿರೇಹಳ್ಳಿ ಎಂಬ ಊರಿದೆ. ರೈಲು ನಿಲ್ದಾಣ, ಕೈಗಾರಿಕಾ ಪ್ರದೇಶ, ತೋಟಗಾರಿಕೆಯ ಪ್ರಯೋಗ ಕೇಂದ್ರ ಇವೆಲ್ಲ ಇರುವ ಈ ಊರಿನಲ್ಲಿ ಉದ್ದವನ್ನು ಅಳೆಯುವ ಕೆಲಸ ದಿನವೂ ನಡೆದೇ ಇರುತ್ತದೆ. ಕಾರ್ಖಾನೆಯ ಕೆಲಸಗಾರನಿಗೆ ಮಿಲ್ಲಿಮೀಟರು ಬೇಕು, ಬಟ್ಟೆಯಂಗಡಿಯವನಿಗೆ ಮೀಟರು ಬೇಕು, ಲಾರಿ ಚಾಲಕನಿಗೆ ಕಿಲೋಮೀಟರು ಬೇಕು. ಈ ಮೂರರಲ್ಲಿ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವುದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಕಷ್ಟವಲ್ಲ. ದಶಮಾಂಶ ಬಿಂದುವನ್ನು ಮೂರು ಸ್ಥಾನ ಆಚೆಗೋ ಈಚೆಗೋ ಸರಿಸಿದರೆ ಮುಗಿಯಿತು.

ಅದೇ ಊರಿನ ವಿದ್ಯಾರ್ಥಿ ಭೌತವಿಜ್ಞಾನದ ಪುಸ್ತಕವನ್ನು ತೆರೆದು ನಕ್ಷತ್ರಗಳ ಅಧ್ಯಾಯಕ್ಕೆ ಬಂದೊಡನೆ ಪರಿಸ್ಥಿತಿ ಬದಲಾಗುತ್ತದೆ. ಖಗೋಳಮಾನ, ಜ್ಯೋತಿರ್ವರ್ಷ, ಪಾರ್ಸೆಕ್ ಎಂಬ ಮೂರು ಹೊಸ ಹೆಸರುಗಳು ಎದುರಾಗುತ್ತವೆ. ಒಂದು ಜ್ಯೋತಿರ್ವರ್ಷವೆಂದರೆ 9.46 × 10¹² ಕಿಲೋಮೀಟರು ಎಂದು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರುದಿನವೇ ಮರೆಯುವುದು ವಾಡಿಕೆ. ಹನ್ನೆರಡು ಸೊನ್ನೆಗೂ ಹದಿಮೂರು ಸೊನ್ನೆಗೂ ಇರುವ ಭೇದ ನಮ್ಮ ಮನಸ್ಸಿಗೆ ಹತ್ತುವುದಿಲ್ಲವಾದ್ದರಿಂದ ಇದರಲ್ಲಿ ವಿದ್ಯಾರ್ಥಿಯ ತಪ್ಪೇನೂ ಇಲ್ಲ. ಆದರೆ ಈ ಮಾನಗಳು ಹೇಗೆ ಹುಟ್ಟಿದುವು, ಒಂದರೊಡನೊಂದು ಯಾವ ಸಂಬಂಧದಲ್ಲಿವೆ ಎಂಬುದನ್ನು ಒಮ್ಮೆ ತಿಳಿದುಕೊಂಡರೆ ಬಾಯಿಪಾಠದ ಅವಶ್ಯಕತೆ ಬಹುಮಟ್ಟಿಗೆ ತಪ್ಪುತ್ತದೆ. ಅದಕ್ಕೆ ಹಿರೇಹಳ್ಳಿಯ ಮುಂದೆ ಹಾದುಹೋಗುವ ರಸ್ತೆಯೇ ನಮಗೆ ನೆರವಾಗಬಲ್ಲುದು.

ಮೊದಲು ಮೀಟರನ್ನೇ ನೋಡೋಣ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ವಿದ್ವಾಂಸರು ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರವನ್ನು ಒಂದು ಕೋಟಿ ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಮೀಟರೆಂದು ಕರೆದರು. ಬಳಿಕ ಅದು ಲೋಹದ ಸರಳಿನ ಮೇಲಣ ಎರಡು ಗೆರೆಗಳ ನಡುವಣ ಅಂತರವಾಯಿತು. 1983ರಿಂದ ಈಚೆಗೆ, ನಿರ್ವಾತ ಪ್ರದೇಶದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ರಲ್ಲಿ ಒಂದು ಪಾಲು ಕಾಲದಲ್ಲಿ ಚಲಿಸುವ ದೂರವೇ ಮೀಟರು. ಎಂದರೆ, ಬಟ್ಟೆಯಂಗಡಿಯ ಗೋಲಿಗೂ ಈಗ ಆಧಾರ ಬೆಳಕೇ. ನಮ್ಮ ದೇಶದಲ್ಲಿ 1956ರ ಕಾಯಿದೆಯ ಮೇರೆಗೆ, 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬಳಕೆಗೆ ಬಂದಿತು. ಗಜವೂ ಮೈಲಿಯೂ ಹಿಂದೆ ಸರಿದುವು. ಆದರೂ ಹೆದ್ದಾರಿಯ ಪಕ್ಕದಲ್ಲಿ ಕಿಲೋಮೀಟರು ಕೆತ್ತಿದ ಕಲ್ಲನ್ನು ನಾವು ಇಂದಿಗೂ ಮೈಲಿಗಲ್ಲೆಂದೇ ಕರೆಯುತ್ತೇವೆ. ಮಾನ ಬದಲಾದರೂ ಮಾತು ಉಳಿಯುತ್ತದೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಇದರ ಪ್ರಯೋಜನವಿದೆ.

ಭೂಮಿಯನ್ನು ಬಿಟ್ಟು ಮೇಲಕ್ಕೆ ಹೋದರೆ ಮೊದಲು ಸಿಗುವ ಮಾನ ಖಗೋಳಮಾನ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರವೇ ಅದು. ಇದರ ಇತಿಹಾಸದಲ್ಲಿ ಒಂದು ವಿಚಿತ್ರವಿದೆ. ಕೆಪ್ಲರನ ನಿಯಮಗಳು ತಿಳಿದ ಮೇಲೆ, ಗುರುಗ್ರಹವು ಸೂರ್ಯನಿಂದ ಭೂಮಿಗಿಂತ 5.2 ಪಟ್ಟು ದೂರದಲ್ಲಿದೆ, ಶುಕ್ರ 0.72 ಪಟ್ಟು ದೂರದಲ್ಲಿದೆ ಎಂದು ಲೆಕ್ಕದಿಂದಲೇ ಹೇಳುವುದು ಸಾಧ್ಯವಾಯಿತು. ಆದರೆ ಈ ‘ಪಟ್ಟು’ ಎಂಬುದು ಎಷ್ಟು ಮೈಲಿ, ಎಷ್ಟು ಕಿಲೋಮೀಟರು ಎಂಬುದು ಮಾತ್ರ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಸೌರವ್ಯೂಹದ ನಕ್ಷೆ ಸಿದ್ಧವಾಗಿತ್ತು. ನಕ್ಷೆಯ ಮೂಲೆಯಲ್ಲಿ ಬರೆಯಬೇಕಾದ ಅಳತೆಯ ಪ್ರಮಾಣ ಖಾಲಿಯಾಗಿತ್ತು.

ಆ ಖಾಲಿ ಜಾಗವನ್ನು ತುಂಬಲು ಶುಕ್ರನು ಸೂರ್ಯಬಿಂಬದ ಮುಂದೆ ಹಾದುಹೋಗುವ ಅಪರೂಪದ ಸಂದರ್ಭವನ್ನು ಬಳಸಬೇಕೆಂದು ಹ್ಯಾಲಿ ಸೂಚಿಸಿದನು. ಭೂಮಿಯ ಮೇಲಣ ಎರಡು ದೂರದ ಸ್ಥಳಗಳಿಂದ ನೋಡಿದರೆ ಶುಕ್ರನ ಹಾದಿ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಆ ವ್ಯತ್ಯಾಸವೂ, ಎರಡು ಸ್ಥಳಗಳ ನಡುವಣ ಅಂತರವೂ ತಿಳಿದರೆ ಸೂರ್ಯನ ದೂರ ದೊರೆಯುತ್ತದೆ. 1874ರ ಡಿಸೆಂಬರ್ 9ರಂದು ಇಂತಹ ಶುಕ್ರಸಂಕ್ರಮಣವು ಭಾರತದಲ್ಲಿಯೂ ಕಾಣಿಸಿತು. ಮದರಾಸಿನ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು ಜನಸಾಮಾನ್ಯರಿಗೆ ಇದನ್ನು ತಿಳಿಯಪಡಿಸಲು ಒಂದು ಪುಸ್ತಿಕೆಯನ್ನು ಬರೆದರು. ಅದು ಕನ್ನಡದಲ್ಲಿಯೂ ಪ್ರಕಟವಾಯಿತೆಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ. ಸೂರ್ಯನ ದೂರವನ್ನು ಅಳೆಯುವ ಬಗೆಯನ್ನು ಕನ್ನಡದಲ್ಲಿ ವಿವರಿಸುವುದು ಹೊಸತೇನೂ ಅಲ್ಲ.

ಮುಂದೆ 1961ರಲ್ಲಿ ಶುಕ್ರಗ್ರಹಕ್ಕೆ ರೇಡಾರ್ ಅಲೆಗಳನ್ನು ಕಳುಹಿಸಿ, ಅವು ಮರಳಿ ಬರುವ ವೇಳೆಯನ್ನು ಅಳೆದಾಗ ಹಳೆಯ ಅನಿಶ್ಚಯವೆಲ್ಲ ಬಹಳ ಕಡಿಮೆಯಾಯಿತು. ಕೊನೆಗೆ 2012ರ ಆಗಸ್ಟ್ ತಿಂಗಳಿನಲ್ಲಿ ಅಂತರರಾಷ್ಟ್ರೀಯ ಖಗೋಳ ಸಂಘವು ಒಂದು ಖಗೋಳಮಾನವೆಂದರೆ ನಿಖರವಾಗಿ 14,959,78,70,700 ಮೀಟರು ಎಂದು ಗೊತ್ತುಪಡಿಸಿತು. ಸ್ಥೂಲವಾಗಿ 14.96 ಕೋಟಿ ಕಿಲೋಮೀಟರು. ಅದೇ ವರ್ಷದ ಜೂನ್ 6ರಂದು ನಮ್ಮವರು ಬೆಳಗ್ಗೆ ಎದ್ದು ಶುಕ್ರಸಂಕ್ರಮಣವನ್ನು ನೋಡಿದ್ದರು. ಮುಂದಿನದು 2117ರಲ್ಲಿ.

ಈಗ ಜ್ಯೋತಿರ್ವರ್ಷ. ಹೆಸರಿನಲ್ಲಿ ‘ವರ್ಷ’ ಇರುವುದರಿಂದ ಇದು ಕಾಲದ ಮಾನವೆಂದು ಹಲವರು ಭ್ರಮಿಸುವುದುಂಟು. “ಹಿರೇಹಳ್ಳಿಯಿಂದ ತುಮಕೂರು ಬಸ್ಸಿನಲ್ಲಿ ಅರ್ಧ ಗಂಟೆ” ಎಂದು ನಾವು ದೂರವನ್ನೇ ಹೇಳುವುದಿಲ್ಲವೇ? ಇದೂ ಹಾಗೆಯೇ. ಬಸ್ಸಿನ ವೇಗ ದಿನಕ್ಕೊಂದು ಬಗೆ, ಬೆಳಕಿನ ವೇಗಕ್ಕೆ ಆ ಚಾಂಚಲ್ಯವಿಲ್ಲ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುತ್ತದೆ. ಖಗೋಳಜ್ಞರು ವರ್ಷಕ್ಕೆ 365.25 ದಿನಗಳೆಂದು ಹಿಡಿಯುತ್ತಾರೆ, ಅದು 3,15,57,600 ಸೆಕೆಂಡುಗಳಾಯಿತು. ಇವೆರಡನ್ನೂ ಗುಣಿಸಿದರೆ 9.46 × 10¹² ಕಿಲೋಮೀಟರು, ನಮ್ಮ ಎಣಿಕೆಯಲ್ಲಿ 9 ಲಕ್ಷ 46 ಸಾವಿರ ಕೋಟಿ ಕಿಲೋಮೀಟರು ಬರುತ್ತದೆ. ಬಾಯಿಪಾಠ ಮರೆತುಹೋದರೂ ಎರಡು ನಿಮಿಷದಲ್ಲಿ ಇದನ್ನು ಮತ್ತೆ ಪಡೆಯಬಹುದು.

ಇದನ್ನು ಖಗೋಳಮಾನದಿಂದ ಭಾಗಿಸಿದರೆ 63,241 ಎಂಬ ಸಂಖ್ಯೆ ದೊರೆಯುತ್ತದೆ. ಒಂದು ಜ್ಯೋತಿರ್ವರ್ಷದಲ್ಲಿ 63,241 ಖಗೋಳಮಾನಗಳಿವೆ ಎಂದರ್ಥ. ಈ ಸಂಖ್ಯೆಯೇ ನಮಗೆ ಹಿರೇಹಳ್ಳಿಯ ರಸ್ತೆಯನ್ನು ತೆರೆದುಕೊಡುತ್ತದೆ.

ಒಂದು ಖಗೋಳಮಾನವನ್ನು ಒಂದು ಮೀಟರಿಗೆ ಇಳಿಸೋಣ. ಆಗ ಸೂರ್ಯನು 9 ಮಿಲ್ಲಿಮೀಟರಿನಷ್ಟು ಅಗಲದ, ಒಂದು ಸಣ್ಣ ಹುಣಿಸೆ ಬೀಜದಷ್ಟಾಗುತ್ತಾನೆ. ಅದನ್ನು ಹಿರೇಹಳ್ಳಿಯಲ್ಲಿ ರಸ್ತೆಯ ಪಕ್ಕಕ್ಕೆ ಇಡೋಣ. ಅಲ್ಲಿಂದ ಒಂದು ಮೀಟರಿನಾಚೆ ನಮ್ಮ ಭೂಮಿ, ಮಿಲ್ಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತಲೂ ಚಿಕ್ಕದಾದ ಧೂಳಿನ ಕಣ. ಚಂದ್ರನು ಅದರಿಂದ ಎರಡೂವರೆ ಮಿಲ್ಲಿಮೀಟರು ದೂರ. ಮನುಷ್ಯನು ಕಾಲಿಟ್ಟಿರುವುದು ಇಷ್ಟೇ ಅಂತರದೊಳಗೆ. ಗುರು ಐದು ಮೀಟರಿನಾಚೆ, ನೆಪ್ಚೂನ್ ಮೂವತ್ತು ಮೀಟರಿನಾಚೆ. 1977ರಲ್ಲಿ ಹೊರಟ ವಾಯೇಜರ್-1 ನೌಕೆ 2025ರ ಹೊತ್ತಿಗೆ 165 ಖಗೋಳಮಾನಗಳನ್ನು ದಾಟಿತ್ತು. ನಮ್ಮ ಮಾದರಿಯಲ್ಲಿ ಸುಮಾರು ಅರ್ಧ ಶತಮಾನದ ಪ್ರಯಾಣದಲ್ಲಿ ಅದು ಇನ್ನೂ ಹಿರೇಹಳ್ಳಿಯ ಎಲ್ಲೆಯನ್ನೇ ಬಿಟ್ಟಿಲ್ಲ.

ಈ ಮಾದರಿಯಲ್ಲಿ ಒಂದು ಜ್ಯೋತಿರ್ವರ್ಷವೆಂದರೆ 63,241 ಮೀಟರು, ಅಂದರೆ 63 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಹಿರೇಹಳ್ಳಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೆಚ್ಚುಕಡಿಮೆ 60 ಕಿಲೋಮೀಟರು. ಆದುದರಿಂದ ಜ್ಯೋತಿರ್ವರ್ಷದ ತುದಿ ಬೆಂಗಳೂರು ನಗರದೊಳಗೇ ಎಲ್ಲಿಯೋ ಬೀಳುತ್ತದೆ. (ರಸ್ತೆಗೆ ತಿರುವುಗಳಿವೆ, ಬೆಳಕಿಗಿಲ್ಲ. ನಾವು ಇಲ್ಲಿ ರಸ್ತೆಯ ಕಿಲೋಮೀಟರುಗಳನ್ನು ಎಣಿಕೆಗಾಗಿ ಮಾತ್ರ ತೆಗೆದುಕೊಳ್ಳುತ್ತಿದ್ದೇವೆ.) ಒಂದು ಮೀಟರಿಗೂ ಹಿರೇಹಳ್ಳಿ-ಬೆಂಗಳೂರಿನ ದೂರಕ್ಕೂ ಯಾವ ಸಂಬಂಧವೋ, ಖಗೋಳಮಾನಕ್ಕೂ ಜ್ಯೋತಿರ್ವರ್ಷಕ್ಕೂ ಅದೇ ಸಂಬಂಧ. ಈ ಮಾದರಿಯಲ್ಲಿ ಬೆಳಕು ಸೆಕೆಂಡಿಗೆ ಕೇವಲ ಎರಡು ಮಿಲ್ಲಿಮೀಟರು ಚಲಿಸುತ್ತದೆ. ರಸ್ತೆಯ ಮೇಲಣ ಇರುವೆಯೂ ಅದನ್ನು ಹಿಂದಕ್ಕೆ ಹಾಕೀತು! ಹುಣಿಸೆ ಬೀಜದಿಂದ ಹೊರಟ ಕಿರಣ ಎಂಟು ನಿಮಿಷ ಹತ್ತೊಂಬತ್ತು ಸೆಕೆಂಡಿನಲ್ಲಿ ಭೂಮಿಯ ಕಣವನ್ನು ಮುಟ್ಟಿ, ಬೆಂಗಳೂರನ್ನು ಮುಟ್ಟಲು ಪೂರ್ತಿ ಒಂದು ವರ್ಷ ತೆಗೆದುಕೊಳ್ಳುತ್ತದೆ.

ಬೆಳಕಿನ ವೇಳೆಯಿಂದ ದೂರವನ್ನು ತಿಳಿಯುವುದು ಕೇವಲ ಪುಸ್ತಕದ ಮಾತಲ್ಲ. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಇಸ್ರೋ ಸಂಸ್ಥೆಯ 32 ಮೀಟರು ಅಗಲದ ಆಂಟೆನಾ ಇದೆ. ದೂರದ ನೌಕೆಗಳಿಗೆ ರೇಡಿಯೋ ಸಂಕೇತವನ್ನು ಕಳುಹಿಸಿ, ಮರಳಿ ಬಂದ ಸಂಕೇತದ ವೇಳೆಯಿಂದ ನೌಕೆಯ ದೂರವನ್ನು ಲೆಕ್ಕ ಹಾಕುವುದು ಅಂತಹ ಕೇಂದ್ರಗಳ ನಿತ್ಯದ ಕೆಲಸ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನವು ಮಂಗಳನ ಕಕ್ಷೆಯನ್ನು ಸೇರಿದಾಗ ಸಂಕೇತವು ಒಂದು ಕಡೆಗೆ ಸಾಗಲು ಸುಮಾರು ಹನ್ನೆರಡೂವರೆ ನಿಮಿಷ ಬೇಕಾಗಿತ್ತು. ಬೆಳಕು ನಿಮಿಷಕ್ಕೆ 1.8 ಕೋಟಿ ಕಿಲೋಮೀಟರು ಚಲಿಸುವುದರಿಂದ ಆ ದೂರ ಸುಮಾರು 22.5 ಕೋಟಿ ಕಿಲೋಮೀಟರು, ಎಂದರೆ ಒಂದೂವರೆ ಖಗೋಳಮಾನ. ನೌಕೆಯು ಕಕ್ಷೆಯನ್ನು ಸೇರಿತೋ ಇಲ್ಲವೋ ಎಂದು ನಿಯಂತ್ರಣ ಕೇಂದ್ರದವರು ಕಾದು ಕುಳಿತಿದ್ದ ಆ ಹನ್ನೆರಡೂವರೆ ನಿಮಿಷಗಳಲ್ಲಿ ಉದ್ದದ ಮಾನವೂ ಕಾಲದ ಮಾನವೂ ಒಂದೇ ಆಗಿದ್ದುವು. 2024ರ ಜನವರಿ 6ರಂದು ತನ್ನ ನೆಲೆಯನ್ನು ಸೇರಿದ ಆದಿತ್ಯ-ಎಲ್1 ಇದಕ್ಕಿಂತ ಬಹಳ ಹತ್ತಿರ. ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರು, ಬೆಳಕಿಗೆ ಐದು ಸೆಕೆಂಡು, ನಮ್ಮ ಹಿರೇಹಳ್ಳಿಯ ಮಾದರಿಯಲ್ಲಿ ಒಂದು ಸೆಂಟಿಮೀಟರು.

ಇಲ್ಲಿ ಒಂದು ವಿಷಯವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ವಿಜಯನಗರದ ಕಾಲದ ಸಾಯಣಾಚಾರ್ಯರು ಋಗ್ವೇದದ ಭಾಷ್ಯದಲ್ಲಿ, ಸೂರ್ಯನು ಅರ್ಧ ನಿಮೇಷದಲ್ಲಿ 2,202 ಯೋಜನಗಳನ್ನು ಕ್ರಮಿಸುವನೆಂಬ ಒಂದು ಹೇಳಿಕೆಯನ್ನು ಸ್ಮರಿಸಿದ್ದಾರೆ. ಇದೇ ಬೆಳಕಿನ ವೇಗವೆಂದು ಹೇಳುವವರನ್ನು ನಾವು ಆಗಾಗ್ಗೆ ಕಾಣುತ್ತೇವೆ. ವಿದ್ಯಾರ್ಥಿಗಳಿಗೆ ಇದು ಪರಿವರ್ತನೆಯ ಲೆಕ್ಕಕ್ಕೆ ಬಹಳ ಒಳ್ಳೆಯ ಉದಾಹರಣೆ. ಇದನ್ನು ಮೀಟರಿಗೂ ಸೆಕೆಂಡಿಗೂ ತರಬೇಕಾದರೆ ಯೋಜನವೆಂದರೆ ಎಷ್ಟು, ನಿಮೇಷವೆಂದರೆ ಎಷ್ಟು ಎಂಬುದು ಮೊದಲು ಗೊತ್ತಾಗಬೇಕು. ಆರ್ಯಭಟನು ಭೂಮಿಯ ವ್ಯಾಸವನ್ನು 1,050 ಯೋಜನವೆನ್ನುತ್ತಾನೆ. ಸೂರ್ಯಸಿದ್ಧಾಂತದಲ್ಲಿ ಅದೇ ವ್ಯಾಸ 1,600 ಯೋಜನ. ಭೂಮಿ ಒಂದೇ, ವ್ಯಾಸ 12,742 ಕಿಲೋಮೀಟರು. ಆದುದರಿಂದ ಮೊದಲನೆಯ ಯೋಜನ ಸುಮಾರು 12 ಕಿಲೋಮೀಟರಾಯಿತು, ಎರಡನೆಯದು 8. ಆರಡಿಯ ಧನುಸ್ಸು ಎಂಟು ಸಾವಿರವಾದರೆ ಒಂದು ಯೋಜನವೆಂದು ಹಿಡಿದರೆ 14.6 ಕಿಲೋಮೀಟರಾಗುತ್ತದೆ. ನಿಮೇಷವೂ ಹೀಗೆಯೇ. ಹದಿನೈದು ನಿಮೇಷಕ್ಕೆ ಒಂದು ಕಾಷ್ಠೆ ಎಂಬ ಎಣಿಕೆಯಲ್ಲಿ ಅದು 0.213 ಸೆಕೆಂಡು, ಹದಿನೆಂಟಕ್ಕೆ ಒಂದು ಕಾಷ್ಠೆ ಎಂಬ ಎಣಿಕೆಯಲ್ಲಿ 0.178 ಸೆಕೆಂಡು. ಇವುಗಳನ್ನು ಬೇರೆ ಬೇರೆಯಾಗಿ ಜೋಡಿಸಿ ಲೆಕ್ಕ ಮಾಡಿದರೆ ವೇಗವು ಸೆಕೆಂಡಿಗೆ 1 ಲಕ್ಷ 65 ಸಾವಿರ ಕಿಲೋಮೀಟರಿನಿಂದ ಹಿಡಿದು 3 ಲಕ್ಷ 60 ಸಾವಿರ ಕಿಲೋಮೀಟರಿನವರೆಗೆ ಎಷ್ಟು ಬೇಕಾದರೂ ಬರುತ್ತದೆ. 14.6 ಕಿಲೋಮೀಟರಿನ ಯೋಜನವನ್ನೂ 0.213 ಸೆಕೆಂಡಿನ ನಿಮೇಷವನ್ನೂ ಆರಿಸಿಕೊಂಡರೆ 3 ಲಕ್ಷ ದೊರೆಯುತ್ತದೆ. ಉತ್ತರವನ್ನು ಮೊದಲೇ ತಿಳಿದುಕೊಂಡು ಅದಕ್ಕೆ ಒಪ್ಪುವ ಮಾನಗಳನ್ನು ಆರಿಸುವುದಕ್ಕೆ ಪರಿವರ್ತನೆಯೆಂಬ ಹೆಸರು ಸಲ್ಲದು. ಇನ್ನು, ನಿಮೇಷವನ್ನು ನಮ್ಮ ಇಂದಿನ ಅರುವತ್ತು ಸೆಕೆಂಡಿನ ನಿಮಿಷವೆಂದು ಯಾರಾದರೂ ತಿಳಿದರೆ ವೇಗವು ಸೆಕೆಂಡಿಗೆ ಹೆಚ್ಚೆಂದರೆ ಸುಮಾರು ಒಂದು ಸಾವಿರ ಕಿಲೋಮೀಟರಾಗುತ್ತದೆ. ಮೈಲಿಗಲ್ಲಿನ ಮಾತನ್ನು ನೆನಪಿನಲ್ಲಿಡಬೇಕೆಂದು ಹೇಳಿದ್ದು ಇದಕ್ಕಾಗಿಯೇ. ಸಾಯಣರ ಪಾಂಡಿತ್ಯಕ್ಕೆ ಇದರಿಂದ ಯಾವ ಕುಂದೂ ಇಲ್ಲ. ಅವರು ಸ್ಮರಿಸಿದ್ದು ಒಂದು ಸ್ತುತಿಯನ್ನೇ ಹೊರತು ಪ್ರಯೋಗದ ಫಲಿತಾಂಶವನ್ನಲ್ಲ.

ಮೂರನೆಯ ಮಾನವಾದ ಪಾರ್ಸೆಕ್ಕಿಗೆ ಬರೋಣ. ಇದು ಮೋಜಣಿದಾರನ ಮನೆಯ ಮಾನ. ಹಿರೇಹಳ್ಳಿಯ ಬಳಿ ರೈಲಿನಲ್ಲಿ ಹೋಗುವಾಗ ಹತ್ತಿರದ ತೆಂಗಿನ ಮರಗಳು ದೂರದ ಶಿವಗಂಗೆ ಬೆಟ್ಟದ ಹಿನ್ನೆಲೆಯಲ್ಲಿ ಹಿಂದಕ್ಕೆ ಓಡುವಂತೆ ಕಾಣುತ್ತವೆ. ನೋಡುವವನು ಸ್ಥಳ ಬದಲಿಸಿದಾಗ ಹತ್ತಿರದ ವಸ್ತು ಹೀಗೆ ಸರಿದಂತೆ ಕಾಣುವುದನ್ನು ಲಂಬನವೆನ್ನುತ್ತಾರೆ. ವಸ್ತು ಹತ್ತಿರವಿದ್ದಷ್ಟೂ ಲಂಬನ ಹೆಚ್ಚು. 1800ರಲ್ಲಿ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಸಮೀಪ ಸರಪಳಿ ಹಿಡಿದು ಒಂದು ಆಧಾರರೇಖೆಯನ್ನು ಅಳೆದು, ಅದರ ಎರಡು ತುದಿಗಳಿಂದ ಕೋನಗಳನ್ನು ನೋಡಿ, ಮೈಸೂರು ಸೀಮೆಯ ಬೆಟ್ಟಗಳ ದೂರವನ್ನು ನಡೆದುಹೋಗದೆಯೇ ಕಂಡುಹಿಡಿಯಲು ತೊಡಗಿದನು. ನಕ್ಷತ್ರಗಳಿಗೂ ಇದೇ ವಿಧಾನ. ಆದರೆ ಬೆಂಗಳೂರಿನ ಆಧಾರರೇಖೆ ಅದಕ್ಕೆ ಸಾಲದು. ಭೂಮಿಯ ಕಕ್ಷೆಯೇ ಆಧಾರರೇಖೆಯಾಗಬೇಕು. ಜನವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ನೋಡಿದರೆ ನಮ್ಮ ಸ್ಥಾನವು ಎರಡು ಖಗೋಳಮಾನದಷ್ಟು ಬದಲಾಗಿರುತ್ತದೆ. ಇದರಿಂದ ಕಾಣುವ ಸರಿತದ ಅರ್ಧವನ್ನು ನಕ್ಷತ್ರದ ಲಂಬನವೆಂದು ತೆಗೆದುಕೊಳ್ಳುತ್ತಾರೆ.

ಒಂದು ಅಂಶಕ್ಕೆ 60 ಕಲೆ, ಒಂದು ಕಲೆಗೆ 60 ವಿಕಲೆ. ಯಾವ ದೂರದಿಂದ ನೋಡಿದರೆ ಒಂದು ಖಗೋಳಮಾನದ ಉದ್ದವು ಒಂದು ವಿಕಲೆಯ ಕೋನವಾಗಿ ಕಾಣುವುದೋ ಆ ದೂರವೇ ಪಾರ್ಸೆಕ್. ರೇಖಾಗಣಿತದಿಂದ ಅದು 2,06,265 ಖಗೋಳಮಾನಗಳೆಂದು ತಿಳಿಯುತ್ತದೆ. ನಮ್ಮ ಮಾದರಿಯಲ್ಲಿ ಇದು 206 ಕಿಲೋಮೀಟರು. ಬೆಂಗಳೂರಿಗೆ ಬೆನ್ನು ಮಾಡಿ ಅದೇ ಹೆದ್ದಾರಿಯಲ್ಲಿ ವಾಯವ್ಯಕ್ಕೆ ಹೊರಟರೆ ಹಿರೇಹಳ್ಳಿಯಿಂದ ಸುಮಾರು ಇನ್ನೂರು ಕಿಲೋಮೀಟರಿನಲ್ಲಿ ದಾವಣಗೆರೆ ಸಿಗುತ್ತದೆ. ಹಿರೇಹಳ್ಳಿಯ ಬಟ್ಟೆಯಂಗಡಿಯ ಮೀಟರುಗೋಲನ್ನು ದಾವಣಗೆರೆಯಲ್ಲಿ ನಿಂತು ನೋಡುವುದು ಸಾಧ್ಯವಾದರೆ ಅದು ಎಷ್ಟು ಸಣ್ಣದಾಗಿ ಕಾಣುವುದೋ ಅದೇ ಒಂದು ವಿಕಲೆ! ಪಾರ್ಸೆಕ್ಕಿನ ವ್ಯಾಖ್ಯೆಯನ್ನು ಇದಕ್ಕಿಂತ ಸುಲಭವಾಗಿ ಹೇಳುವ ದಾರಿ ನಮಗೆ ತಿಳಿಯದು. 2,06,265ನ್ನು 63,241ರಿಂದ ಭಾಗಿಸಿದರೆ 3.26 ಬರುವುದರಿಂದ ಒಂದು ಪಾರ್ಸೆಕ್ಕಿಗೆ 3.26 ಜ್ಯೋತಿರ್ವರ್ಷಗಳೆಂಬುದೂ ಇಲ್ಲಿಯೇ ದೊರೆಯಿತು. ಕಿಲೋಮೀಟರಿನಲ್ಲಿ ಅದು 3.09 × 10¹³.

ಖಗೋಳಜ್ಞರಿಗೆ ಪಾರ್ಸೆಕ್ ಪ್ರಿಯವಾಗಲು ಕಾರಣ ಅದರ ಲೆಕ್ಕದ ಸೌಲಭ್ಯ. ಒಂದನ್ನು ಲಂಬನದ ವಿಕಲೆಗಳಿಂದ ಭಾಗಿಸಿದರೆ ದೂರ ಪಾರ್ಸೆಕ್ಕಿನಲ್ಲಿ ಬಂದಿತು, ಅಷ್ಟೆ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪವಾದ ಪ್ರಾಕ್ಸಿಮಾ ನಕ್ಷತ್ರದ ಲಂಬನ 0.768 ವಿಕಲೆ. ಆದುದರಿಂದ ದೂರ 1.30 ಪಾರ್ಸೆಕ್, 4.25 ಜ್ಯೋತಿರ್ವರ್ಷ. ಹಿರೇಹಳ್ಳಿಯಿಂದ ದಾವಣಗೆರೆಯನ್ನೂ ರಾಣೆಬೆನ್ನೂರನ್ನೂ ದಾಟಿ, 268 ಕಿಲೋಮೀಟರಿನಲ್ಲಿ, ಹಾವೇರಿ ಸಮೀಪಿಸುವಾಗ ಅದು ಸಿಗುತ್ತದೆ. ಹುಣಿಸೆ ಬೀಜಕ್ಕೂ ಹಾವೇರಿಗೂ ನಡುವೆ ಬೇರೆ ಯಾವ ನಕ್ಷತ್ರವೂ ಇಲ್ಲ. 1838ರಲ್ಲಿ ಬೆಸೆಲ್ ಎಂಬ ಜರ್ಮನ್ ವಿಜ್ಞಾನಿ ಮೊದಲಬಾರಿಗೆ ಲಂಬನವನ್ನು ವಿಶ್ವಾಸಾರ್ಹವಾಗಿ ಅಳೆದ ನಕ್ಷತ್ರವಾದ 61 ಸಿಗ್ನಿಯ ದೂರ 11.4 ಜ್ಯೋತಿರ್ವರ್ಷ. ಇದೇ ಹೆದ್ದಾರಿಯಲ್ಲಿ ಸಾತಾರವನ್ನು ದಾಟಿ ಪುಣೆ ಇನ್ನೂ ಮುಂದಿರುವಾಗ ಅದು ಬರುತ್ತದೆ.

ಪರಿವರ್ತನೆಯಲ್ಲಿ ನಮ್ಮ ವಿದ್ಯಾರ್ಥಿಗಳು ಪದೇಪದೇ ಎಡವುವ ಇನ್ನೊಂದು ಕಡೆಯಿದೆ. ಮುಂಗಾರಿನ ಕಾಲದಲ್ಲಿ ರೈತರು ನೆನೆಯುವ ಆರಿದ್ರೆ ಮಳೆಗೆ ಹೆಸರು ಕೊಟ್ಟ ಆರ್ದ್ರಾ ನಕ್ಷತ್ರವನ್ನು ತೆಗೆದುಕೊಳ್ಳೋಣ. ಅದರ ದೂರ 550 ಜ್ಯೋತಿರ್ವರ್ಷವೆಂದು ಓದಿದ ವಿದ್ಯಾರ್ಥಿಯು ಗಣಕಯಂತ್ರವನ್ನೊತ್ತಿ 5,20,34,01,75,99,19,440 ಕಿಲೋಮೀಟರು ಎಂದು ಬರೆಯುತ್ತಾನೆ. ಗುಣಾಕಾರ ಸರಿಯಾಗಿಯೇ ಇದೆ, ಉತ್ತರ ಮಾತ್ರ ಸುಳ್ಳು. ಏಕೆಂದರೆ ಈ ನಕ್ಷತ್ರಕ್ಕೆ 1997ರ ಹಿಪ್ಪಾರ್ಕಸ್ ಉಪಗ್ರಹದ ಅಳತೆಯಿಂದ ದೊರೆತ ದೂರ ಸುಮಾರು 430 ಜ್ಯೋತಿರ್ವರ್ಷ, 2008ರ ಇನ್ನೊಂದು ಲೆಕ್ಕದಿಂದ ಸುಮಾರು 640, 2020ರ ಅಧ್ಯಯನದಿಂದ ಸುಮಾರು 550. ಆ ನಕ್ಷತ್ರ ಎಷ್ಟು ದೊಡ್ಡದೆಂದರೆ ನಮಗೆ ಕಾಣುವ ಅದರ ಬಿಂಬವೇ ಲಂಬನಕ್ಕಿಂತ ಹಲವು ಪಟ್ಟು ಅಗಲ. ಹೀಗಿರುವಾಗ ಅದರ ಕೇಂದ್ರ ಎಷ್ಟು ಸರಿಯಿತೆಂದು ಹೇಳುವುದು ಕಷ್ಟ. ನಮ್ಮ ರಸ್ತೆಯ ಲೆಕ್ಕದಲ್ಲಿ ಇದು 27,000 ಕಿಲೋಮೀಟರಿನಿಂದ 40,000 ಕಿಲೋಮೀಟರಿನವರೆಗೆ ಎಲ್ಲಿಯಾದರೂ ಇರಬಹುದು. ಎರಡನೆಯದಾದರೆ ಭೂಮಿಯನ್ನೇ ಒಂದು ಸುತ್ತು ಹಾಕಿ ಮತ್ತೆ ಹಿರೇಹಳ್ಳಿಗೆ ಬಂದಂತಾಯಿತು. ಇಂತಹ ದೂರವನ್ನು ಕೊನೆಯ ನಲವತ್ತು ಕಿಲೋಮೀಟರಿನವರೆಗೂ ಬರೆಯುವುದು ಹಾಸ್ಯಾಸ್ಪದ. 5 × 10¹⁵ ಕಿಲೋಮೀಟರು ಎಂದಷ್ಟೇ ಬರೆಯುವುದು ಪ್ರಾಮಾಣಿಕ. ಜ್ಯೋತಿರ್ವರ್ಷವನ್ನು ಕಿಲೋಮೀಟರಿಗೆ ತಿರುಗಿಸುವ ಸಂಖ್ಯೆ ನಿಖರವಾಗಿದೆ, ಏಕೆಂದರೆ ಅದು ನಾವೇ ಮಾಡಿಕೊಂಡ ಒಪ್ಪಂದ. ನಕ್ಷತ್ರದ ದೂರ ಒಪ್ಪಂದವಲ್ಲ. ಅದನ್ನು ಅಳೆಯಬೇಕು, ಅಳತೆಯಲ್ಲಿ ಅನಿಶ್ಚಯ ಇದ್ದೇ ಇರುತ್ತದೆ, ಮಾನವನ್ನು ಬದಲಿಸಿದ ಮಾತ್ರಕ್ಕೆ ಆ ಅನಿಶ್ಚಯ ಹೋಗುವುದಿಲ್ಲ. 2013ರಲ್ಲಿ ಹಾರಿ 2025ರವರೆಗೆ ಕೆಲಸ ಮಾಡಿದ ಗಾಯಾ ನೌಕೆಯು ನೂರು ಕೋಟಿಗೂ ಮಿಕ್ಕ ನಕ್ಷತ್ರಗಳ ಲಂಬನವನ್ನು ಅಳೆದು ಈ ಅನಿಶ್ಚಯವನ್ನು ಬಹುಮಟ್ಟಿಗೆ ಕಡಿಮೆ ಮಾಡಿದೆ. ಆರ್ದ್ರೆಯಂತಹ ಅತಿ ಪ್ರಕಾಶದ ನಕ್ಷತ್ರಗಳಲ್ಲಿ ಮಾತ್ರ ಅದರ ಆಟ ಅಷ್ಟಾಗಿ ನಡೆಯಲಿಲ್ಲ.

ಇನ್ನೂ ದೂರ ಹೋದರೆ ನಮ್ಮ ಮಾದರಿಗೆ ಭೂಮಿಯೇ ಸಾಲದಾಗುತ್ತದೆ. ಆಕಾಶಗಂಗೆಯ ಕೇಂದ್ರ ಸುಮಾರು 27,000 ಜ್ಯೋತಿರ್ವರ್ಷ. ಅದನ್ನು ಹಿರೇಹಳ್ಳಿಯಿಂದ 17 ಲಕ್ಷ ಕಿಲೋಮೀಟರಿನಾಚೆ, ನಿಜವಾದ ಚಂದ್ರನಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ದೂರದಲ್ಲಿ ಇಡಬೇಕಾಗುತ್ತದೆ. ಬರಿಗಣ್ಣಿಗೆ ಮಸುಕಾಗಿ ಕಾಣುವ ದೇವಯಾನಿ ನೀಹಾರಿಕೆ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಮಾದರಿಯಲ್ಲಿ ಅದರ ಸ್ಥಾನ 15.8 ಕೋಟಿ ಕಿಲೋಮೀಟರು. ಸೂರ್ಯನನ್ನು ಹುಣಿಸೆ ಬೀಜ ಮಾಡಿದರೂ ದೇವಯಾನಿಯು ನಿಜವಾದ ಸೂರ್ಯನಿಂದಲೂ ಸ್ವಲ್ಪ ಆಚೆಗೆ ಹೋಗಿ ಕುಳಿತುಕೊಳ್ಳುತ್ತದೆ! ಇಂತಹ ದೂರಗಳಿಗೆ ಖಗೋಳಜ್ಞರು ಕಿಲೋಪಾರ್ಸೆಕ್, ಮೆಗಾಪಾರ್ಸೆಕ್ ಎಂದು ಬಳಸುತ್ತಾರೆ. ಸಾವಿರ ಪಾರ್ಸೆಕ್ಕಿಗೆ ಒಂದು ಕಿಲೋಪಾರ್ಸೆಕ್, ಹತ್ತು ಲಕ್ಷಕ್ಕೆ ಒಂದು ಮೆಗಾಪಾರ್ಸೆಕ್. ಅಂಗಡಿಯ ‘ಕಿಲೋ’ ಇಲ್ಲಿಗೂ ಬಂದಿದೆ, ದಶಮಾಂಶ ಬಿಂದುವನ್ನು ಸರಿಸುವ ಹಳೆಯ ಸೌಲಭ್ಯವೂ ಅದರೊಡನೆ ಬಂದಿದೆ. ದೇವಯಾನಿಯ ದೂರ 770 ಕಿಲೋಪಾರ್ಸೆಕ್ ಅಥವಾ 0.77 ಮೆಗಾಪಾರ್ಸೆಕ್.

ಕೊನೆಯದಾಗಿ ವಾಚಕರಿಗೆ ಒಂದು ಲೆಕ್ಕ. ಸ್ವಾತಿ ನಕ್ಷತ್ರದ ಲಂಬನ 0.089 ವಿಕಲೆ. ಅದರ ದೂರವನ್ನು ಪಾರ್ಸೆಕ್ಕಿನಲ್ಲಿ, ಜ್ಯೋತಿರ್ವರ್ಷದಲ್ಲಿ, ಕಿಲೋಮೀಟರಿನಲ್ಲಿ ಕಂಡುಹಿಡಿದು, ಹಿರೇಹಳ್ಳಿಯಿಂದ ದೆಹಲಿಗೆ ಹೊರಟವನಿಗೆ ನಮ್ಮ ಮಾದರಿಯ ಸ್ವಾತಿ ದಾರಿಯಲ್ಲಿಯೇ ಸಿಗುವುದೋ, ದೆಹಲಿಯನ್ನು ದಾಟಿ ಮುಂದೆ ಹೋಗಬೇಕೋ ಎಂಬುದನ್ನು ನೋಡಿರಿ.